ಪೊರೆ ಬಲಿಯಲಿ ಎಂದವರು

ನಮ್ಮ ಹಾಸನ ಸೀಮೆಯ ಮನೆಗಳಲ್ಲಿ ವಯಸ್ಸಾದ ಹೆಂಗಸರು ಆಡುವ ಮಾತೊಂದಿದೆ: ‘ಪೊರೆ ಇನ್ನೂ ಬಲಿತಿಲ್ಲ ಕಣವ್ವ, ಬಲೀಲಿ ಬುಡು.’ ಮರದ ಮೇಲಿನ ಹಲಸಿನಕಾಯಿಯ ಬಗ್ಗೆ ಹೇಳುವಷ್ಟೇ ನೆಮ್ಮದಿಯಿಂದ ತಮ್ಮ ಕಣ್ಣಿನ ಬಗ್ಗೆಯೂ ಹೇಳುತ್ತಾರೆ. ಚನ್ನರಾಯಪಟ್ಟಣದ ತೆಂಗಿನ ತೋಟದ ಮನೆಗಳಲ್ಲಿ, ಅರಕಲಗೂಡಿನ ಹೊಗೆಸೊಪ್ಪಿನ ಊರುಗಳಲ್ಲಿ, ಹೊಳೆನರಸೀಪುರದ ಹೇಮಾವತಿ ದಂಡೆಯ ಗದ್ದೆಬಯಲಿನಲ್ಲಿ ನಾನು ಈ ಮಾತನ್ನು ಕೇಳಿದ್ದೇನೆ. ಓದಿದ ಸೊಸೆಯಂದಿರು ಇದನ್ನು ‘ಅತ್ತೆಯ ಮೂಢನಂಬಿಕೆ’ ಎಂದು ನಗುವುದುಂಟು. ಆದರೆ ಇದು ಮೂಢನಂಬಿಕೆಯಲ್ಲ. ಒಂದು ಕಾಲದಲ್ಲಿ ಡಾಕ್ಟರುಗಳೇ ಹೇಳಿ ಕಳಿಸಿದ ಮಾತು. ಅವರು ಅದನ್ನು ಕೈಬಿಟ್ಟು ಎಷ್ಟೋ ವರ್ಷಗಳಾದವು. ನಮ್ಮ ನಡುಮನೆಗಳಲ್ಲಿ ಮಾತ್ರ ಅದು ಹಾಗೆಯೇ ಉಳಿದುಬಿಟ್ಟಿದೆ. ಅದು ಎಲ್ಲಿಂದ ಬಂತು, ಏಕೆ ಉಳಿಯಿತು, ಅದರಿಂದ ಯಾರು ಏನು ಕಳೆದುಕೊಂಡರು ಎಂದು ತಿಳಿಯಬೇಕಾದರೆ, ಕಣ್ಣಿನ ಡಾಕ್ಟರು ಅಪರೂಪವಾಗಿದ್ದ ನಮ್ಮಂಥ ತಾಲ್ಲೂಕುಗಳಿಗೆ ಕಣ್ಣಿನ ಚಿಕಿತ್ಸೆ ನಡೆದುಬಂದ ದಾರಿಯನ್ನು ಮೊದಲಿನಿಂದ ನೋಡಬೇಕು.

ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ಪದರ ಎಂದು ಬಹಳ ಮಂದಿ ತಿಳಿದಿದ್ದಾರೆ. ಹೆಸರೇ ಹಾಗಿದೆ, ಹಾವು ಕಳಚುವುದೂ ಪೊರೆಯೇ ತಾನೆ! ಆದರೆ ಕಣ್ಣಿನ ಪೊರೆ ಹೊರಗಿನದಲ್ಲ. ಕಣ್ಣಿನ ಪಾಪೆಯ ಹಿಂದೆ ಹೆಚ್ಚುಕಡಿಮೆ ಅವರೆಕಾಳಿನಷ್ಟು ದೊಡ್ಡ, ನೀರಿನಷ್ಟು ತಿಳಿಯಾದ ಒಂದು ಮಸೂರವಿದೆ. ವಯಸ್ಸಾದಂತೆ ಅದು ಕದಡಿ ಮಂಜುಗಟ್ಟಿದ ಗಾಜಿನಂತಾಗುತ್ತದೆ. ಮಾತ್ರೆಯಿಂದಾಗಲಿ, ಕಣ್ಣಿಗೆ ಬಿಡುವ ಹನಿಯಿಂದಾಗಲಿ, ಸೊಪ್ಪಿನ ರಸದಿಂದಾಗಲಿ ಅದು ಮತ್ತೆ ತಿಳಿಯಾಗುವುದಿಲ್ಲ. ಕದಡಿದ್ದನ್ನು ತೆಗೆಯುವುದೊಂದೇ ದಾರಿ.

ಈ ಸಂಗತಿ ನಮ್ಮ ದೇಶಕ್ಕೆ ಹೊಸದೇನಲ್ಲ. ಸುಶ್ರುತನ ಹೆಸರಿನ ಸಂಹಿತೆಯಲ್ಲಿಯೇ ಕಣ್ಣಿನೊಳಕ್ಕೆ ಸಲಾಕೆ ಹಾಕಿ ಪೊರೆಯನ್ನು ಸರಿಸುವ ವಿವರವಿದೆ. ಊರೂರು ತಿರುಗುತ್ತಿದ್ದ ಕಣ್ಣುವೈದ್ಯರು ಈ ವಿದ್ಯೆಯನ್ನು ಇಪ್ಪತ್ತನೆಯ ಶತಮಾನದವರೆಗೂ ಮಾಡಿಕೊಂಡು ಬಂದರು. ಸೂಜಿಯಂಥ ಸಲಾಕೆಯಿಂದ ಕದಡಿದ ಮಸೂರವನ್ನು ಕಣ್ಣಿನ ಒಳಭಾಗಕ್ಕೆ ತಳ್ಳಿಬಿಡುವುದು. ತಕ್ಷಣ ಬೆಳಕು ಕಾಣುತ್ತಿತ್ತು. ರೋಗಿ ಕೈಮುಗಿದು ದಕ್ಷಿಣೆ ಕೊಡುತ್ತಿದ್ದ, ವೈದ್ಯ ಮುಂದಿನ ಊರಿಗೆ ಹೋಗುತ್ತಿದ್ದ. ಆದರೆ ಎಷ್ಟೋ ಕಣ್ಣುಗಳು ಆಮೇಲೆ ಕೀವು ತುಂಬಿ, ಊದಿಕೊಂಡು, ಶಾಶ್ವತವಾಗಿ ಹೋಗುತ್ತಿದ್ದವು. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿದ್ದ ಆರ್. ಎಚ್. ಎಲಿಯಟ್ ಎಂಬ ವೈದ್ಯರು ಹೀಗೆ ಹಾಳಾದ ಕಣ್ಣುಗಳನ್ನು ನೋಡಿ ನೋಡಿ 1917ರಲ್ಲಿ ಈ ಪದ್ಧತಿಯ ಮೇಲೆಯೇ ಒಂದು ಪುಸ್ತಕ ಬರೆದರು. ಹಳ್ಳಿಯ ಜನ ಏನೂ ತಿಳಿಯದೆ ಅವನ ಬಳಿಗೆ ಹೋಗುತ್ತಿದ್ದರು ಎನ್ನುವಂತಿಲ್ಲ. ಅವನು ಮನೆ ಬಾಗಿಲಿಗೆ ಬರುತ್ತಿದ್ದ; ಆಸ್ಪತ್ರೆ ಬರುತ್ತಿರಲಿಲ್ಲ.

ನಮ್ಮ ಮೈಸೂರು ಸಂಸ್ಥಾನದಲ್ಲಿ ಆಸ್ಪತ್ರೆ ಇರಲಿಲ್ಲವೆಂದಲ್ಲ. ಬೆಂಗಳೂರಿನಲ್ಲಿ 1896ರಲ್ಲಿಯೇ ಕಣ್ಣಾಸ್ಪತ್ರೆ ಶುರುವಾಗಿತ್ತು. 1913ರಲ್ಲಿ ಅದಕ್ಕೆ ಹೊಸ ಕಟ್ಟಡವಾಗಿ, ವೈಸರಾಯ್ ಆಗಿದ್ದ ಮಿಂಟೋ ಪ್ರಭುವಿನ ಹೆಸರು ಬಂತು. ಇಂದಿಗೂ ನಮ್ಮ ಜನಕ್ಕೆ ಅದು ‘ಮಿಂಟೋ’ ಎಂದೇ ಗೊತ್ತು. ಆದರೆ ಹಾಸನದಿಂದ ಬೆಂಗಳೂರಿಗೆ 180 ಕಿಲೋಮೀಟರಿಗೂ ಹೆಚ್ಚು. ಕಣ್ಣು ಕಾಣದ ಮುದುಕಿಯನ್ನು ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಅರಸೀಕೆರೆಯವರೆಗೆ ಹೋಗಿ ರೈಲು ಹಿಡಿಯುವುದೆಂದರೆ ಮನೆಯ ಇಬ್ಬರು ಗಂಡಾಳು ವಾರಗಟ್ಟಲೆ ಹೊಲ ಬಿಟ್ಟಂತೆ. ಮುಂದೆ ಮೈಸೂರು–ಅರಸೀಕೆರೆ ರೈಲುದಾರಿ ಬಂದು ಹೊಳೆನರಸೀಪುರಕ್ಕೂ ಹಾಸನಕ್ಕೂ ರೈಲು ಸಿಕ್ಕಿತು. ಅರಕಲಗೂಡಿಗೆ ರೈಲು ಬರಲೇ ಇಲ್ಲ. ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ನೇರವಾಗಿ ರೈಲು ಓಡತೊಡಗಿದ್ದು 2017ರಲ್ಲಿ. ಹೀಗಾಗಿ ಕಣ್ಣು ಮಂಜಾದವರು ಜಗಲಿಯ ಮೂಲೆಯಲ್ಲಿ ಕೂತು ಕಾಲ ಕಳೆಯುವುದೇ ಮುಪ್ಪಿನ ಧರ್ಮವೆಂದು ಎಲ್ಲರೂ ಒಪ್ಪಿಕೊಂಡಿದ್ದರು.

ಆ ಕಾಲದ ಆಪರೇಷನ್ ಹೇಗಿತ್ತೆಂದು ತಿಳಿದರೆ ‘ಬಲಿಯಲಿ’ ಎಂಬ ಮಾತಿನ ಬೇರು ಸಿಗುತ್ತದೆ. ಪೊರೆ ಎಳೆಯದಾಗಿದ್ದಾಗ ತೆಗೆಯಲು ಹೋದರೆ ಮೆತ್ತನೆಯ ಭಾಗ ಕಣ್ಣಿನಲ್ಲಿಯೇ ಉಳಿದು ಉರಿಯೂತವಾಗುತ್ತಿತ್ತು. ಬಲಿತು ಗಟ್ಟಿಯಾದ ಮಸೂರವನ್ನು ತೆಗೆಯುವುದು ಸುಲಭ. ಇನ್ನೊಂದು ಕಾರಣವೂ ಇತ್ತು. ಮಸೂರ ತೆಗೆದ ಕಣ್ಣಿಗೆ ಬದಲಿ ಏನೂ ಇರಲಿಲ್ಲ. ಅದರ ಕೆಲಸವನ್ನೆಲ್ಲ ಹೊರಗಿನ ದಪ್ಪ ಕನ್ನಡಕ ಮಾಡಬೇಕಿತ್ತು. ಆ ಕನ್ನಡಕದಲ್ಲಿ ವಸ್ತುಗಳು ಕಾಲುಭಾಗದಷ್ಟಾದರೂ ದೊಡ್ಡದಾಗಿ ಕಾಣುತ್ತಿದ್ದವು. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದಕ್ಕೆ ಮಾತ್ರ ಆಪರೇಷನ್ ಆದರೆ ಎರಡು ಕಣ್ಣಿನ ಚಿತ್ರ ಹೊಂದದೆ ಒಂದು ವಸ್ತು ಎರಡಾಗಿ ಕಾಣುತ್ತಿತ್ತು. ಆದ್ದರಿಂದ ಎರಡೂ ಕಣ್ಣು ಪೂರಾ ಮಂಜಾಗುವವರೆಗೆ ಕಾಯುವುದೇ ಬುದ್ಧಿವಂತಿಕೆ. ‘ಈಗ ಬೇಡ, ಬಲಿತ ಮೇಲೆ ಬನ್ನಿ’ ಎಂದು ಡಾಕ್ಟರು ಕಳಿಸುತ್ತಿದ್ದರು. ಅಂದಿಗೆ ಅದು ಸರಿಯಾದ ಸಲಹೆಯೇ.

ಆಸ್ಪತ್ರೆಯೇ ಹಳ್ಳಿಗೆ ಹೊರಟಿದ್ದು ಡಾಕ್ಟರ್ ಎಂ. ಸಿ. ಮೋದಿಯವರ ಕಾಲದಲ್ಲಿ. ಆಗಿನ ಬಿಜಾಪುರ ಜಿಲ್ಲೆಯ ಬೀಳಗಿಯವರಾದ ಮುರುಗಪ್ಪ ಚನ್ನವೀರಪ್ಪ ಮೋದಿಯವರು 1940ರ ದಶಕದಲ್ಲಿ ಸಾಮೂಹಿಕ ನೇತ್ರ ಶಿಬಿರಗಳನ್ನು ಆರಂಭಿಸಿದರು. ಶಾಲೆಯ ಕೊಠಡಿ, ಛತ್ರ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಸಾಲಾಗಿ ಮೇಜುಗಳನ್ನು ಜೋಡಿಸಿ ಒಬ್ಬರ ನಂತರ ಒಬ್ಬರಿಗೆ ಆಪರೇಷನ್. ಒಂದೇ ದಿನ 833 ಮಂದಿಯ ಪೊರೆ ತೆಗೆದರೆಂದೂ, 1993ರ ಫೆಬ್ರವರಿಯವರೆಗೆ 6,10,564 ಆಪರೇಷನ್ ಮಾಡಿದರೆಂದೂ ಗಿನ್ನೆಸ್ ದಾಖಲೆ ಪುಸ್ತಕದಲ್ಲಿ ಬಂದಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. ಅವಕ್ಕಿಂತ ದೊಡ್ಡದಾಗಿ ‘ಕಣ್ಣು ಕೊಟ್ಟ ಅಣ್ಣ’ ಎಂಬ ಬಿರುದನ್ನು ಜನರೇ ಕೊಟ್ಟರು. 2005ರಲ್ಲಿ ಅವರು ತೀರಿಕೊಂಡಾಗ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಅವರ ಕೈಯಿಂದ ಬೆಳಕು ಕಂಡವರ ಮಕ್ಕಳು ಮೊಮ್ಮಕ್ಕಳು ಇದ್ದರು.

ಮೋದಿಯವರ ದಾರಿಯಲ್ಲಿ ಸಂಘಸಂಸ್ಥೆಗಳೂ, ಮಠಗಳೂ, ಸರ್ಕಾರವೂ ಶಿಬಿರಗಳನ್ನು ನಡೆಸಿದವು. ‘ಕಣ್ಣಿನ ಕ್ಯಾಂಪು’ ಎಂಬುದು ಮನೆಮಾತಾಯಿತು. ತಮಟೆ ಹೊಡೆಸಿ ಊರಿಗೆ ಸಾರುವುದು, ಲಾರಿಯಲ್ಲೋ ಟ್ರ್ಯಾಕ್ಟರಿನಲ್ಲೋ ಮುದುಕರನ್ನು ಕರೆತರುವುದು, ಶಾಲೆಯ ಬೆಂಚು ಸರಿಸಿ ಚಾಪೆ ಹಾಸುವುದು, ದೊಡ್ಡ ಕೊಳದಪ್ಪಲೆಯಲ್ಲಿ ಗಂಜಿ ಕಾಯಿಸುವುದು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ತಲೆ ಅಲುಗಿಸದೆ ಸಾಲಾಗಿ ಮಲಗಿರುತ್ತಿದ್ದರು. ಆ ಸಾಲಿನ ಮುಂದೆ ರಾತ್ರಿಯೆಲ್ಲ ಕೂತು ನೀರು ಕುಡಿಸಿ, ಬಯಲಿಗೆ ಕೈಹಿಡಿದು ಕರೆದೊಯ್ಯುತ್ತಿದ್ದವರು ಹೆಚ್ಚಾಗಿ ಹೆಂಗಸರು. ಶಿಬಿರದ ಇತಿಹಾಸದಲ್ಲಿ ಅವರ ಹೆಸರು ಎಲ್ಲಿಯೂ ಇಲ್ಲ.

ಮಲಗಿದ್ದವರಲ್ಲಿ ಹೆಂಗಸರು ಇರಲಿಲ್ಲವೇ? ಇದ್ದರು. ಆದರೆ ಸರದಿಯಲ್ಲಿ ಹಿಂದೆ. ‘ಯಜಮಾನರದ್ದು ಮೊದಲು ಆಗ್ಲಿ, ನಂದೇನು ಅವಸರ’ ಎಂದು ಅವರೇ ಹೇಳುತ್ತಿದ್ದರು. ಅದಕ್ಕೂ ಒಂದು ಲೆಕ್ಕಾಚಾರವಿತ್ತು. ಆಪರೇಷನ್ನಾದ ಮೇಲೆ ನಲವತ್ತು ದಿನ ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ ನೀರು ಹಾಕಬಾರದು, ಹೊಗೆಯ ಹತ್ತಿರ ಹೋಗಬಾರದು. ಒಲೆ ಊದದೆ, ಬಿಂದಿಗೆ ಹೊರದೆ, ಕೊಟ್ಟಿಗೆ ಗುಡಿಸದೆ ನಲವತ್ತು ದಿನ ಕೂರುವ ಹೆಂಗಸು ನಮ್ಮ ಯಾವ ಊರಿನಲ್ಲಿದ್ದಳು? ಗಂಡಸಿಗೆ ಪಥ್ಯ ಹೇಳಿದರೆ ಹೆಂಡತಿ ಮಾಡಿಕೊಡುತ್ತಾಳೆ. ಹೆಂಡತಿಗೆ ಹೇಳಿದರೆ ಮನೆಯೇ ನಿಲ್ಲುತ್ತದೆ. ಹೀಗಾಗಿ ಡಾಕ್ಟರು ಹೇಳಿದ ‘ಬಲಿಯಲಿ’ ಎಂಬ ಮಾತಿನ ಪಕ್ಕದಲ್ಲಿ ಹೆಂಗಸರ ‘ಸುಗ್ಗಿ ಮುಗೀಲಿ’, ‘ಮಗಳ ಬಾಣಂತನ ಮುಗೀಲಿ’ ಎಂಬ ಮಾತುಗಳೂ ಬಂದು ಕೂತವು. ಬಲಿಯುವುದಕ್ಕೆ ಒಂದು ಮಿತಿಯಿದೆ. ಮನೆಗೆಲಸ ಮುಗಿಯುವುದಕ್ಕೆ ಮಿತಿಯೇ ಇಲ್ಲ.

ಶಿಬಿರಗಳನ್ನು ಹೊಗಳುವಾಗ ಅವುಗಳ ಮಿತಿಯನ್ನೂ ಹೇಳಬೇಕು. ಆಪರೇಷನ್ನಾದವರಿಗೆ ಕೊಟ್ಟ ಸೋಡಾಬುಡ್ಡಿ ಕನ್ನಡಕ ಒಡೆದರೆ, ಕಳೆದರೆ, ಮತ್ತೆ ಕತ್ತಲೆ. ಡಾಕ್ಟರು ಆಗಲೇ ಬೇರೆ ಜಿಲ್ಲೆಯಲ್ಲಿರುತ್ತಿದ್ದರು. 1986ರಿಂದ 89ರವರೆಗೆ ದೇಶದಲ್ಲಿ ನಡೆದ ಸಮೀಕ್ಷೆಯ ಪ್ರಕಾರ ಕುರುಡಿನ ಕಾರಣಗಳಲ್ಲಿ ನೂರಕ್ಕೆ 80 ಪಾಲು ಪೊರೆಯದು. ಅದೇ ಪಟ್ಟಿಯಲ್ಲಿ ಇನ್ನೂ ಒಂದು ಅಂಕಿಯಿತ್ತು: ನೂರಕ್ಕೆ 4.69 ಪಾಲು, ಪೊರೆ ತೆಗೆಸಿಕೊಂಡ ಮೇಲೂ ಸರಿಯಾದ ಕನ್ನಡಕವಿಲ್ಲದೆ ಕುರುಡಾಗಿ ಉಳಿದವರದು. ಆಪರೇಷನ್ ಗೆದ್ದು ದೃಷ್ಟಿ ಸೋತವರು ಇವರು. ಇದಕ್ಕಿಂತ ಭಯಂಕರವಾದದ್ದು 1986ರಲ್ಲಿ ಉತ್ತರ ಪ್ರದೇಶದ ಖುರ್ಜಾದ ಶಿಬಿರದಲ್ಲಿ ನಡೆಯಿತು. ಅಲ್ಲಿ ಆಪರೇಷನ್ ಮಾಡಿಸಿಕೊಂಡವರಲ್ಲಿ 84 ಮಂದಿಯ ಕಣ್ಣು ಸೋಂಕಿನಿಂದ ಹಾಳಾಯಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 1989ರಲ್ಲಿ ತೀರ್ಪು ಬಂತು. ಕ್ರಮೇಣ ಶಾಲೆಯಲ್ಲಿ, ಛತ್ರದಲ್ಲಿ ಕತ್ತಿ ಹಿಡಿಯುವುದು ನಿಂತಿತು. ಹಳ್ಳಿಯಲ್ಲಿ ತಪಾಸಣೆ ಮಾತ್ರ; ಆಪರೇಷನ್ ಬೇಕಾದವರನ್ನು ಆಸ್ಪತ್ರೆಗೆ ವಾಹನದಲ್ಲಿ ಕರೆದೊಯ್ದು ಮತ್ತೆ ಊರಿಗೆ ತಂದುಬಿಡುವ ಪದ್ಧತಿ ನೆಲೆಯಾಯಿತು.

ಈ ಬದಲಾವಣೆ ಸಾಧ್ಯವಾದದ್ದು ಡಾಕ್ಟರಲ್ಲದವರಿಂದ. 1976ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವನ್ನು ಶುರುಮಾಡಿತು. 1978ರಿಂದ ಡೆನ್ಮಾರ್ಕ್ ದೇಶ ಅದಕ್ಕೆ ನೆರವು ಕೊಟ್ಟಿತು. ಮುಂದೆ ಆ ನೆರವಿನ ಪ್ರಯೋಗ ನಮ್ಮ ಕರ್ನಾಟಕದಲ್ಲಿಯೂ ವಿಶೇಷವಾಗಿ ನಡೆಯಿತು. ಪ್ರತಿ ತಾಲ್ಲೂಕಿಗೂ ಕಣ್ಣಿನ ತಜ್ಞರನ್ನು ಕೂರಿಸುವುದು ಆಗದ ಮಾತು. ಆದ್ದರಿಂದ ನೇತ್ರ ಸಹಾಯಕರೆಂಬ ಹೊಸ ನೌಕರರನ್ನು ತರಬೇತುಗೊಳಿಸಿ ಆರೋಗ್ಯ ಕೇಂದ್ರಗಳಿಗೆ ಕಳಿಸಿದರು. ಟಾರ್ಚು, ಅಕ್ಷರದ ಪಟ, ಮಸೂರಗಳ ಪೆಟ್ಟಿಗೆ ಇವರ ಆಸ್ತಿ. ಯಾರಿಗೆ ಕನ್ನಡಕ ಸಾಕು, ಯಾರಿಗೆ ಆಪರೇಷನ್ ಬೇಕು, ಯಾರನ್ನು ಇಂದೇ ದೊಡ್ಡಾಸ್ಪತ್ರೆಗೆ ಕಳಿಸಬೇಕು ಎಂದು ವಿಂಗಡಿಸುವುದೇ ಇವರ ಕೆಲಸ. ಕೇರುವ ಮೊರ ಇಲ್ಲದಿದ್ದರೆ ಅಕ್ಕಿಯಲ್ಲಿ ಕಲ್ಲು ಹಾಗೇ ಉಳಿಯುತ್ತದೆ ಎಂಬುದು ನಮಗೆ ಗೊತ್ತಿದೆಯಲ್ಲ! 1970ರಿಂದಲೇ ಸಣ್ಣ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ‘ಎ’ ಜೀವಸತ್ವದ ಹನಿ ಕುಡಿಸುವ ಯೋಜನೆಯೂ ನಡೆದಿತ್ತು. ಇರುಳುಗಣ್ಣು ಎಂಬ ಮಾತನ್ನು ಇಂದಿನ ಮಕ್ಕಳು ಕೇಳಿಯೇ ಇಲ್ಲದಿರುವುದಕ್ಕೆ ಆ ಹನಿಯೂ, ಅದನ್ನು ಮನೆಮನೆಗೆ ಹೊತ್ತ ದಾದಿಯರೂ ಅಂಗನವಾಡಿಯ ಹೆಂಗಸರೂ ಒಂದು ಕಾರಣ.

1990ರ ದಶಕದಲ್ಲಿ ಈ ಸರಪಳಿಗೆ ಶಾಲೆಯ ಉಪಾಧ್ಯಾಯರೂ ಸೇರಿದರು. ಇಂಗ್ಲಿಷಿನ ‘ಇ’ ಅಕ್ಷರವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಬರೆದ ಪಟವನ್ನು ಗೋಡೆಗೆ ನೇತುಹಾಕಿ, ಇಪ್ಪತ್ತು ಅಡಿ ದೂರದಲ್ಲಿ ಮಗುವನ್ನು ನಿಲ್ಲಿಸಿ, ಒಂದೊಂದು ಕಣ್ಣು ಮುಚ್ಚಿಸಿ ಕೇಳುವುದು. ನಾನೂ ಎಷ್ಟೋ ವರ್ಷ ಈ ಕೆಲಸ ಮಾಡಿದ್ದೇನೆ. ಒಮ್ಮೆ ಏಳನೇ ತರಗತಿಯ ಹುಡುಗಿಯೊಬ್ಬಳು ಮೂರನೆಯ ಸಾಲಿಗೇ ನಿಂತುಬಿಟ್ಟಳು. ‘ಬೋರ್ಡು ನೋಡಿ ಹೇಗೆ ಬರೀತಿದ್ದೆಯೇ?’ ಎಂದೆ. ‘ಬೋರ್ಡು ನೋಡಲ್ಲ ಮಿಸ್, ಪಕ್ಕದವಳ ಪುಸ್ತಕ ನೋಡ್ಕತೀನಿ’ ಎಂದಳು. ಕಾಪಿ ಮಾಡುತ್ತಾಳೆಂದು ದೂರು ಬಂದಿದ್ದ ಹುಡುಗಿ ಅವಳು. ನೇತ್ರ ಸಹಾಯಕರು ಪರೀಕ್ಷೆ ಮಾಡಿ ಬಿಟ್ಟಿ ಕನ್ನಡಕ ಬರೆದುಕೊಟ್ಟರು. ಮಾರನೆಯ ದಿನ ತಾಯಿ ಬಂದು ನಿಂತರು. ‘ಬ್ಯಾಡಿ ಮೇಡಂ. ಹೆಣ್ಣುಮಗ. ನಾಳೆ ನೋಡೋಕೆ ಬಂದೋರು ಕನ್ನಡಕ ಕಂಡು ವಾಪಸ್ ಹೋದ್ರೆ?’ ಅವರ ಜೊತೆ ನಾನು ವಾದ ಮಾಡಲಿಲ್ಲ. ಮಗಳನ್ನು ಇಪ್ಪತ್ತು ಅಡಿ ದೂರ ನಿಲ್ಲಿಸಿ, ‘ನಿಮ್ಮಮ್ಮನ ಸೀರೆ ಅಂಚಿನಲ್ಲಿ ಏನಿದೆ ಹೇಳಮ್ಮ’ ಎಂದೆ. ಕನ್ನಡಕವಿಲ್ಲದೆ ಅವಳಿಗೆ ಅಂಚೇ ಕಾಣಲಿಲ್ಲ. ಕನ್ನಡಕ ಹಾಕಿಸಿ ಮತ್ತೆ ಕೇಳಿದೆ. ‘ನವಿಲು’ ಎಂದಳು. ತಾಯಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಕನ್ನಡಕ ಮನೆಗೆ ಹೋಯಿತು. ಗಂಡುಹುಡುಗನ ಕನ್ನಡಕದ ಬಗ್ಗೆ ಇಂಥ ಮಾತನ್ನು ನನ್ನ ಸರ್ವಿಸಿನಲ್ಲಿ ನಾನು ಕೇಳಿಲ್ಲ.

ಅಷ್ಟರಲ್ಲಿ ಪೊರೆಯ ಆಪರೇಷನ್ನೇ ಪೂರ್ತಿ ಬದಲಾಗಿತ್ತು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು 1949ರಲ್ಲಿಯೇ ಕಣ್ಣಿನೊಳಗೆ ಕೃತಕ ಮಸೂರವನ್ನು ಕೂರಿಸಿ ತೋರಿಸಿದ್ದರು. ಆದರೆ ಅದರ ಬೆಲೆ ನಮ್ಮ ಬಡವರಿಗೆ ಎಟುಕುವಂತಿರಲಿಲ್ಲ. ಡಾಕ್ಟರ್ ಜಿ. ವೆಂಕಟಸ್ವಾಮಿಯವರು ನಿವೃತ್ತರಾದ ಮೇಲೆ 1976ರಲ್ಲಿ ಮಧುರೆಯಲ್ಲಿ 11 ಹಾಸಿಗೆಗಳಿಂದ ಅರವಿಂದ ಕಣ್ಣಾಸ್ಪತ್ರೆಯನ್ನು ಕಟ್ಟಿದರು. ಆ ಸಂಸ್ಥೆ 1992ರಲ್ಲಿ ಅರೋಲ್ಯಾಬ್ ಎಂಬ ಕಾರ್ಖಾನೆ ತೆರೆದು ಮಸೂರವನ್ನು ನಮ್ಮ ನಾಡಿನಲ್ಲಿಯೇ ತಯಾರಿಸತೊಡಗಿತು. ಬೆಲೆ ಇಳಿಯಿತು, ಸರ್ಕಾರಿ ಆಸ್ಪತ್ರೆಯಲ್ಲಿಯೂ ಕಣ್ಣಿನೊಳಗೇ ಮಸೂರ ಇಡುವುದು ಬಳಕೆಗೆ ಬಂತು. ಸೋಡಾಬುಡ್ಡಿ ಕನ್ನಡಕ ಮಾಯವಾಯಿತು. ಹೊಲಿಗೆಯಿಲ್ಲದ ಸಣ್ಣ ಗಾಯದ ಆಪರೇಷನ್ ಬಂದ ಮೇಲೆ ನಲವತ್ತು ದಿನದ ಕಟ್ಟುಪಾಡೂ ಸಡಿಲವಾಯಿತು. ಬೆಳಿಗ್ಗೆ ಹೋದವರು ಅದೇ ದಿನವೋ ಮಾರನೆಯ ದಿನವೋ ಮನೆಗೆ ಬರುತ್ತಾರೆ. ಕೆಲವು ವಾರ ಹನಿ ಹಾಕಿಕೊಂಡು, ಕಣ್ಣಿಗೆ ನೀರು ಧೂಳು ಬೀಳದಂತೆ ನೋಡಿಕೊಂಡರೆ ಆಯಿತು.

ಈಗ ಪೊರೆ ಬಲಿಯುವವರೆಗೆ ಕಾಯುವ ಅಗತ್ಯವೇ ಇಲ್ಲ. ಅಕ್ಕಿ ಆರಿಸಲು, ಬಸ್ಸಿನ ಬೋರ್ಡು ಓದಲು, ಮೆಟ್ಟಿಲು ಇಳಿಯಲು ತೊಂದರೆಯಾದರೆ ತೆಗೆಸಬಹುದು. ಕಾಯುವುದರಿಂದ ಕೆಡುಕೇ ಹೆಚ್ಚು. ತೀರ ಬಲಿತ ಪೊರೆ ಗಟ್ಟಿಯಾಗಿ ಆಪರೇಷನ್ ಕಷ್ಟವಾಗುತ್ತದೆ. ಕೆಲವೊಮ್ಮೆ ಅದು ಊದಿಕೊಂಡು ಕಣ್ಣಿನ ಒತ್ತಡ ಏರಿ ಕಣ್ಣೇ ಹೋಗಬಹುದು. ಅಂದು ಸರಿಯಾಗಿದ್ದ ಸಲಹೆ ಇಂದು ತಪ್ಪಾಗಿದೆ. ‘ಬಲಿಯಲಿ’ ಎಂದು ಹೇಳಿ ಕಳಿಸಿದ ಹಾಗೆ ‘ಇನ್ನು ಬಲಿಯಬೇಕಾಗಿಲ್ಲ’ ಎಂದು ಮನೆಮನೆಗೆ ಹೇಳಿ ಕಳಿಸಿದವರು ಕಡಿಮೆ.

ನನ್ನ ಸೋದರತ್ತೆ ಒಬ್ಬರಿದ್ದರು. ಅರಕಲಗೂಡು ತಾಲ್ಲೂಕಿನ ಹಳ್ಳಿಯಲ್ಲಿ ಸಂಸಾರ. ಐವತ್ತೈದು ದಾಟುವಾಗ ಪಕ್ಕದಲ್ಲಿ ಬಂದವರು ಕಾಣುವುದಿಲ್ಲ, ಹೊಸ್ತಿಲು ಎಡವುತ್ತೇನೆ ಎನ್ನತೊಡಗಿದರು. ಎದುರಿಗಿನದು ಚೆನ್ನಾಗಿಯೇ ಕಾಣುತ್ತಿತ್ತು, ಹೂ ಕಟ್ಟುತ್ತಿದ್ದರು. ನೋವಿಲ್ಲ, ಕೆಂಪಿಲ್ಲ. ‘ಪೊರೆ ಬರ್ತಾ ಇದೆ, ಬಲೀಲಿ’ ಎಂದು ಅಕ್ಕಪಕ್ಕದವರೂ ಹೇಳಿದರು, ಅವರೂ ಹೇಳಿಕೊಂಡರು. ಮಗನ ಮದುವೆ, ಸೊಸೆಯ ಬಸಿರು, ಮಾವನವರ ಕಾಯಿಲೆ ಎಂದು ಐದಾರು ವರ್ಷ ಕಳೆಯಿತು. ಕೊನೆಗೆ ಮೈಸೂರಿಗೆ ಕರೆದೊಯ್ದಾಗ ಅದು ಪೊರೆಯಾಗಿರಲಿಲ್ಲ. ಗ್ಲಾಕೋಮಾ. ಕಣ್ಣಿನ ಒಳ ಒತ್ತಡದಿಂದ ನರ ಸವೆದು ದೃಷ್ಟಿ ಅಂಚಿನಿಂದ ಕುಗ್ಗುತ್ತಾ ಬರುವ ಕಾಯಿಲೆ. ಪೊರೆಯಿಂದ ಹೋದ ದೃಷ್ಟಿ ಆಪರೇಷನ್ನಿನಿಂದ ಬರುತ್ತದೆ. ಗ್ಲಾಕೋಮಾದಿಂದ ಹೋದದ್ದು ಬರುವುದಿಲ್ಲ, ಉಳಿದಿದ್ದನ್ನು ಕಾಪಾಡಬಹುದು ಅಷ್ಟೆ. ಅತ್ತೆಗೆ ಉಳಿದಿದ್ದು ಬಾಗಿಲಿನ ಬೆಳಕು ಎಲ್ಲಿದೆ ಎಂದು ತಿಳಿಯುವಷ್ಟು. ‘ಕಾಯ್ದೆ ಕಣೇ, ಬಲೀಲಿ ಅಂತ ಕಾಯ್ದೆ’ ಎಂದು ಒಮ್ಮೆ ಮಾತ್ರ ಅಂದರು. ಆಮೇಲೆ ಆ ಮಾತು ಎತ್ತಲಿಲ್ಲ. ಹದಿನಾಲ್ಕು ವರ್ಷ ಹಾಗೆಯೇ ಬದುಕಿದರು.

ಅದಕ್ಕೇ ಹೇಳುವುದು, ಮಂಜಾದ ಕಣ್ಣೆಲ್ಲ ಪೊರೆಯಲ್ಲ. ಸಕ್ಕರೆ ಕಾಯಿಲೆಯವರ ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತನಾಳ ಒಡೆಯುವುದೂ ಹೀಗೆಯೇ, ಮೊದಮೊದಲು ಸದ್ದಿಲ್ಲದೆ. ತಿಂಗಳು ತುಂಬದೆ ಹುಟ್ಟಿದ ಕೂಸಿನ ಕಣ್ಣಿನ ಪರದೆಗೂ ಅಪಾಯವಿದೆ. ಎರಡು ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮುಂಚೆ ಹುಟ್ಟಿದ ಮಗುವಿಗೆ 30 ದಿನದೊಳಗೆ ಪರೀಕ್ಷೆಯಾಗಬೇಕು. ಆ ಪರೀಕ್ಷೆ ಮಾಡಬಲ್ಲ ತಜ್ಞರು ರಾಜ್ಯದಲ್ಲಿ ಬೆರಳೆಣಿಕೆಯಷ್ಟಿದ್ದಾಗ, ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ‘ಕಿಡ್ರಾಪ್’ ಎಂಬ ಕ್ರಮವನ್ನು ಶುರುಮಾಡಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗೆ ಹೋಗಿ ಕೂಸಿನ ಕಣ್ಣಿನ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಅದನ್ನು ನೋಡಿ ಹೇಳುತ್ತಾರೆ. ನೇತ್ರ ಸಹಾಯಕರ ಟಾರ್ಚು ಹೋಗಿ ಕ್ಯಾಮೆರಾ ಬಂದಿದೆ. ತತ್ವ ಮಾತ್ರ ಅದೇ: ತಜ್ಞರು ಇರುವಲ್ಲಿಯೇ ಇರಲಿ, ಅವರ ಕಣ್ಣು ಎಲ್ಲ ಊರಿಗೂ ಹೋಗಲಿ.

ಹಾಸನಕ್ಕೂ 2006ರಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂತು. ಅಜ್ಜಿಯ ಕಾಲಕ್ಕೆ ಬೆಂಗಳೂರಿನಲ್ಲಿದ್ದ ದೊಡ್ಡಾಸ್ಪತ್ರೆ ಹೊಳೆನರಸೀಪುರಕ್ಕೂ ಅರಕಲಗೂಡಿಗೂ ಸುಮಾರು 30 ಕಿಲೋಮೀಟರಿಗೆ, ಚನ್ನರಾಯಪಟ್ಟಣಕ್ಕೆ 40ರೊಳಗೆ ಬಂದು ನಿಂತಿತು. ದೇಶದ ಲೆಕ್ಕವೂ ಉತ್ತಮಗೊಂಡಿದೆ. 2015–19ರ ಸಮೀಕ್ಷೆಯಲ್ಲಿ, ಮೂರು ಮೀಟರ್ ದೂರದ ಬೆರಳನ್ನೂ ಎಣಿಸಲಾಗದವರು ಜನಸಂಖ್ಯೆಯ ನೂರಕ್ಕೆ 0.36 ಮಾತ್ರ. ಆದರೆ ಐವತ್ತು ದಾಟಿದವರನ್ನು ಬೇರೆಯಾಗಿ ನೋಡಿದರೆ ಗಂಡಸರಲ್ಲಿ ನೂರಕ್ಕೆ 1.67, ಹೆಂಗಸರಲ್ಲಿ 2.31. ಇಂದಿಗೂ ಮುಖ್ಯ ಕಾರಣ ಪೊರೆಯೇ, ಅಂದರೆ ತೆಗೆಸಿದರೆ ಹೋಗುವ ಕುರುಡು. ಗಂಡಸರಿಗಿಂತ ಹೆಂಗಸರ ಅಂಕಿ ಏಕೆ ಹೆಚ್ಚು ಎಂಬುದಕ್ಕೆ ಒಂದು ಉತ್ತರ ‘ನಂದೇನು ಅವಸರ’ ಎಂಬ ಮಾತಿನಲ್ಲಿದೆ.

ಕುರುಡಿನವರೆಗೆ ಹೋಗುವುದೇ ಬೇಡ. ನಲವತ್ತು ದಾಟಿದ ಮೇಲೆ ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುವವರು ಎಷ್ಟು ಮಂದಿ! ಒಂದು ಚಾಳೀಸು ಸಾಕು. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೂಲಿಕಾರರಿಗೆ, ಬಹುಪಾಲು ಹೆಂಗಸರಿಗೆ, ಹತ್ತಿರದ ಕನ್ನಡಕ ಕೊಟ್ಟು ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅವರು ಕೀಳುವ ಎಲೆ ನೂರಕ್ಕೆ 21ರಷ್ಟು ಹೆಚ್ಚಿತು. ನಮ್ಮ ಸಕಲೇಶಪುರದ ಕಾಫಿ ತೋಟದಲ್ಲಿ ಹಣ್ಣು ಕೀಳುವವರ ಕಣ್ಣೂ ಅಂಥದ್ದೇ ಅಲ್ಲವೇ?

ಇನ್ನು ಉಳಿದಿರುವುದು ದೊಡ್ಡ ಸಂಗತಿಯೇನಲ್ಲ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲ. ಧರ್ಮಸ್ಥಳಕ್ಕೂ ಶ್ರವಣಬೆಳಗೊಳಕ್ಕೂ ಗುಂಪುಗೂಡಿ ಹೋಗಿಬಂದ ನಾವು ಅದೇ ಬಸ್ಸಿನಲ್ಲಿ ಒಂದು ದಿನ ಆಸ್ಪತ್ರೆಗೂ ಹೋಗಬಹುದು. ಮನೆಯಲ್ಲಿ ಐವತ್ತು ದಾಟಿದವರಿದ್ದರೆ ಒಂದು ಕಣ್ಣು ಮುಚ್ಚಿಸಿ ಎದುರು ಗೋಡೆಯ ಕ್ಯಾಲೆಂಡರಿನ ತಾರೀಖು ಓದಿಸಿ, ಆಮೇಲೆ ಇನ್ನೊಂದು ಕಣ್ಣು. ಎರಡು ಕಣ್ಣಿಗೂ ವ್ಯತ್ಯಾಸವಿದ್ದರೆ ಆ ವಾರವೇ ತೋರಿಸಿ. ಕ್ಯಾಲೆಂಡರು ಓದಿದವರಲ್ಲಿಯೂ ಸಕ್ಕರೆ ಕಾಯಿಲೆಯಿದ್ದರೆ ವರ್ಷಕ್ಕೊಮ್ಮೆ ಕಣ್ಣಿನ ಹಿಂಪರದೆ ನೋಡಿಸಿ. ತಂದೆತಾಯಿಗೋ ಅಕ್ಕತಂಗಿಯರಿಗೋ ಗ್ಲಾಕೋಮಾ ಇದ್ದವರು ನಲವತ್ತರಿಂದಲೇ ಒತ್ತಡ ಅಳೆಸಿಕೊಳ್ಳಿ. ಅದು ರಕ್ತಸಂಬಂಧದಲ್ಲಿ ಬರುತ್ತದೆ. ಅತ್ತೆಯ ಅಣ್ಣನ ಮಗಳಾದ ನಾನು ಈಗ ವರ್ಷಕ್ಕೊಮ್ಮೆ ಹಾಸನಕ್ಕೆ ಹೋಗಿ ಅಳೆಸಿಕೊಂಡು ಬರುತ್ತೇನೆ. ಸಾಲಿನಲ್ಲಿ ಕೂತವರನ್ನು ಮಾತನಾಡಿಸುತ್ತೇನೆ. ಕಳೆದ ಬಾರಿ ಪಕ್ಕದಲ್ಲಿದ್ದ ಅಜ್ಜಿಯನ್ನು ಯಾರ ಜೊತೆ ಬಂದಿರಿ ಎಂದು ಕೇಳಿದೆ. ‘ಯಾರೂ ಇಲ್ಲ ಕಣವ್ವ. ನಾನೇ ಬಂದೆ. ಬಲೀಲಿ ಅಂತಿದ್ರು, ನನಗೆ ಕಾಯೋಕಾಗ್ಲಿಲ್ಲ’ ಎಂದರು. ಚನ್ನರಾಯಪಟ್ಟಣದ ಕಡೆಯವರಂತೆ. ಅವರ ಸರದಿ ನನಗಿಂತ ಮುಂದಿತ್ತು.